ತಿಪ್ಪಮ್ಮ ತಣ್ಣಗಿಟ್ಟ ಪೆಟ್ಟಿಗೆ

ಕಳೆದ ತಿಂಗಳು ನನ್ನ ಜಾಗಕ್ಕೆ ಬಂದ ಹುಡುಗಿ ಫೋನ್ ಮಾಡಿದ್ದಳು. "ಮೇಡಂ, ಫೀಲ್ಡಿಗೆ ಹೋಗುವಾಗ ಏನೇನು ತಗೊಂಡು ಹೋಗಬೇಕು?" ಎಂದು ಕೇಳಿದಳು. ಛತ್ರಿ, ನೀರಿನ ಬಾಟಲಿ, ಎರಡು ಪೆನ್ನು, ಒಂದು ಸುತ್ತಿಗೆ, ಅರ್ಧ ಡಜನ್ ಮೊಳೆ ಎಂದೆ. ಫೋನ್ ಇಟ್ಟ ಮೇಲೆ, ಮೊಳೆಯ ವಿಷಯ ಪೂರ್ತಿ ಹೇಳಲಿಲ್ಲವಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತೆ. ಅವಳಂಥ ಇನ್ನೂ ನಾಲ್ಕು ಜನ ಓದಿದರೆ ಒಳ್ಳೆಯದು.

ನಾನು ವಿಶ್ವವಿದ್ಯಾಲಯದ ಸಿವಿಲ್ ವಿಭಾಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಊರು ಆಂಧ್ರದ ಗಡಿಯೊಳಗಿನ ರಾಯದುರ್ಗ. ಮೊಣಕಾಲು ನೋವಿನ ನೆಪ ಹೇಳಿ, ಅವಧಿಗೆ ಮುಂಚೆಯೇ ಸ್ವಯಂ ನಿವೃತ್ತಿ ತಗೊಂಡೆ. ನೋವು ಇದ್ದದ್ದು ನಿಜ. ಆದರೆ ಕಾರಣ ಅದೊಂದೇ ಅಲ್ಲ.

ಮೊದಲ ಹತ್ತು ಹನ್ನೆರಡು ವರ್ಷ ನನ್ನ ಕೆಲಸ ಸಿಮೆಂಟ್ ಕ್ಯೂಬ್ ಒಡೆಯುವುದು. ಅಚ್ಚಿಗೆ ಕಾಂಕ್ರೀಟ್ ತುಂಬಿ, ಮಾರನೆಯ ದಿನ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಇಪ್ಪತ್ತೆಂಟು ದಿನ ಮುಳುಗಿಸಿಟ್ಟು, ಆಮೇಲೆ ಯಂತ್ರಕ್ಕೆ ಕೊಟ್ಟು ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆಯಬೇಕು. ಒಂದು ಸಂಕ್ರಾಂತಿ ರಜೆಯಲ್ಲಿ ತೊಟ್ಟಿಗೆ ನೀರು ತುಂಬಿಸುವುದನ್ನು ಮರೆತೆ. ಬಂದು ನೋಡಿದರೆ ಮೇಲಿನ ಸಾಲಿನ ಕ್ಯೂಬ್‌ಗಳು ಒಣಗಿ ಬೆಳ್ಳಗಾಗಿವೆ. ಹೆದರಿ ನೀರು ತುಂಬಿಸಿ ಸುಮ್ಮನಾದೆ. ಒಡೆದಾಗ ಬಂದ ಅಂಕಿಯನ್ನೂ ಸ್ವಲ್ಪ ತಿದ್ದಿದೆ. ಆಗಿದ್ದ ಲ್ಯಾಬ್ ಇನ್‌ಚಾರ್ಜ್ ಸಾರ್ ತೆಲುಗಿನವರು, ಬಾಯಲ್ಲಿ ಸದಾ ಲವಂಗ. ಒಡೆದ ಚೂರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಚೂಸಿಂದಿ ರಾಯಿ ಶಾರದಮ್ಮಾ, ಅನುಕುನ್ನದಿ ಕಾದು" ಎಂದರು. ಕಂಡದ್ದು ಬರಿ, ಅಂದುಕೊಂಡದ್ದಲ್ಲ ಅಂತ. ಬೈಯಲಿಲ್ಲ. ಅಷ್ಟೂ ಕ್ಯೂಬ್ ಮತ್ತೆ ಹಾಕಿಸಿದರು.

ಅಂದಿನಿಂದ ನನ್ನದೇ ಒಂದು ನೋಟ್‌ಬುಕ್ ಇಟ್ಟೆ. ಆಫೀಸಿನ ಫಾರಂ ಬೇರೆ, ಇದು ಬೇರೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾರ ಮನೆಯಲ್ಲಿ ಮಜ್ಜಿಗೆ ಕೊಟ್ಟರು, ನೆಲ ಸಾರಿಸಿತ್ತೋ ಇಲ್ಲವೋ, ಎಲ್ಲ ಬರೆಯುತ್ತಿದ್ದೆ. ಕಣ್ಣಿಗೆ ಬಿದ್ದದ್ದು ಬಿಡದೆ ಬರೆದೆ ಎಂದು ನನಗೆ ನಾನೇ ಹೆಮ್ಮೆಪಟ್ಟುಕೊಂಡಿದ್ದೆ. ಬರೆದದ್ದನ್ನು ತಿರುಗಿ ಓದಬೇಕು ಎಂಬುದನ್ನು ಮಾತ್ರ ಆ ಸಾರ್ ಹೇಳಿಕೊಟ್ಟಿರಲಿಲ್ಲ.

ನನ್ನ ಕೊನೆಯ ವರ್ಷಗಳಲ್ಲಿ ಆ ದೊಡ್ಡ ಪ್ರಾಜೆಕ್ಟ್ ಬಂತು. ಮೂರು ವಿಶ್ವವಿದ್ಯಾಲಯ ಸೇರಿ ಮಾಡುವ ಕೆಲಸ: ನಮ್ಮದು, ಬೆಂಗಳೂರಿನದೊಂದು, ಹೊರದೇಶದ್ದೊಂದು. ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆ ಮಾಡುವಾಗ ಉರಿಯುವ ಕಲ್ಲಿದ್ದಲು ಎಷ್ಟು, ಏಳುವ ಹೊಗೆ ಎಷ್ಟು. ಅದನ್ನೆಲ್ಲ ಕಡಿಮೆ ಮಾಡಿ, ಮಣ್ಣು ಸುಣ್ಣದಲ್ಲೇ ಬಾಳಿಕೆ ಬರುವ, ಫ್ಯಾನು ಎಸಿ ಕೇಳದ ಮನೆ ಕಟ್ಟುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಮೊದಲು ನಮ್ಮ ಕಡೆಯ ಹಳೆಯ ಮನೆಗಳು ಬೇಸಿಗೆಯಲ್ಲಿ ಒಳಗೆ ಎಷ್ಟು ತಂಪಾಗಿರುತ್ತವೆ ಎಂದು ಅಳೆಯಬೇಕಿತ್ತು. ಕನ್ನಡ ತೆಲುಗು ಎರಡೂ ಬರುತ್ತದೆ, ಹೆಂಗಸು, ಅಡುಗೆಮನೆಯವರೆಗೂ ಹೋಗಬಲ್ಲಳು ಎಂದು ನಮ್ಮ ದೊಡ್ಡ ಸಾರ್, ಅಂದರೆ ಪ್ರಾಜೆಕ್ಟಿನ ಮುಖ್ಯಸ್ಥರು, ನನ್ನನ್ನು ಲ್ಯಾಬಿನಿಂದ ಹಳ್ಳಿಗೆ ಕಳಿಸಿದರು. ಬೆಂಗಳೂರಿನಿಂದ ನವ್ಯಾ ಎಂಬ ಪಿಎಚ್‌ಡಿ ಹುಡುಗಿ ಬಂದು ಸೇರಿದಳು. ಒಳ್ಳೆಯ ಹುಡುಗಿ, ಉಪ್ಪಿಟ್ಟು ಕೊಟ್ಟರೂ ಫೋಟೋ ತೆಗೆಯುವವಳು.

ಮೊದಲೆಲ್ಲ ಶಾಖ ಅಳೆಯುವುದೆಂದರೆ ಗೋಡೆಗೆ ಥರ್ಮಾಮೀಟರ್ ತೂಗುಹಾಕಿ, ಅದರ ಪಕ್ಕ ಕೂತು, ಗಂಟೆಗೊಮ್ಮೆ ಪೆನ್ಸಿಲಿನಲ್ಲಿ ಬರೆಯುವುದು. ಈಗ ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಬಂದಿತ್ತು. ಮೊಳೆಗೆ ನೇತುಹಾಕಿ ಬಂದರೆ ಸಾಕು, ಅರ್ಧ ಗಂಟೆಗೊಮ್ಮೆ ಶಾಖವನ್ನೂ ತೇವವನ್ನೂ ತಾನೇ ಬರೆದಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಹೋಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರಬೇಕು. ಮನೆಯಲ್ಲಿ ಕೂರುವ ಕೆಲಸ ತಪ್ಪಿತು ಎಂದು ಆಗ ಖುಷಿಪಟ್ಟೆ.

ಮಡಕಶಿರಾ ಕಡೆ ಗುಡಿಬಂಡೆ ಹತ್ತಿರದ ಒಂದು ಹಳ್ಳಿಯಲ್ಲಿ ಈರಪ್ಪ ಎಂಬ ಹಿರಿಯರ ಮನೆಗೆ ಒಂದು ಪೆಟ್ಟಿಗೆ ಹಾಕಿದೆವು. ಅದು ಕಲ್ಲುಚಪ್ಪಡಿ ಹೊದಿಸಿದ ಮನೆ. ಹೇಗೆ ನೋಡಿಕೊಳ್ಳಬೇಕು ಎಂದು ನಾನು ಹೇಳಹೊರಟರೆ ಅವರು ಕೈ ಅಡ್ಡ ಹಿಡಿದರು.

"ನಿಮ್ಮ ಪೆಟ್ಗೆ ನೀವೇ ನೋಡ್ಕಳಿ ಕಣಮ್ಮ. ನಂಗೆ ಹಸ ನೋಡ್ಕಳಾಕೇ ಪುರುಸೊತ್ತಿಲ್ಲ."

"ನೀವೇನೂ ಮಾಡೋದು ಬೇಡ ಈರಪ್ಪನವರೇ. ಮನೆ ಒಳಗೆ ಎಷ್ಟು ಬಿಸಿ ಅಂತ ಅದೇ ಬರ್ಕೊಳ್ಳುತ್ತೆ."

"ಅದ್ಕೆ ಮಿಷನ್ ಬೇಕೇನಮ್ಮ? ಸಂಜೆ ಬಂದು ಈ ಚಪ್ಪಡಿ ಕೆಳ್ಗೆ ಒಂದ್ ಗಳಿಗೆ ಕುಕ್ಕಳಿ. ನಿಮ್ಮ ತಲೇನೇ ಹೇಳ್ತದೆ."

ನವ್ಯಾ ನಕ್ಕಳು, ನಾನೂ ನಕ್ಕೆ. ಕೂರಲಿಲ್ಲ, ಊರಿಗೆ ವಾಪಸು ಹೋಗುವ ಬಸ್ಸು ಇತ್ತು. ಮುಂದೆ ಎಷ್ಟು ಸಲ ಹೋದರೂ ಆ ಪೆಟ್ಟಿಗೆ ಅದೇ ಮೊಳೆಯಲ್ಲಿ, ಮೈತುಂಬ ಧೂಳು, ಒಮ್ಮೆ ಅದರ ಮೇಲೆ ಕೋಳಿ ಹಿಕ್ಕೆ. "ಈರಪ್ಪನ ಮನೆ: ಅಲಕ್ಷ್ಯ" ಎಂದು ಬರೆದುಕೊಂಡಿದ್ದೇನೆ. ಆ ಮನೆಯ ಅಂಕಿಗಳೂ ಚೆನ್ನಾಗಿ ಬರಲಿಲ್ಲ. ಬೇಸಿಗೆಯಲ್ಲಿ ಗೆರೆ ಬೆಟ್ಟ ಹತ್ತಿದಂತೆ ಹತ್ತುತ್ತಿತ್ತು.

ಇನ್ನೊಂದು ಪೆಟ್ಟಿಗೆ ರಾಯದುರ್ಗದಿಂದ ಬೊಮ್ಮನಹಾಳ್ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ತಿಪ್ಪಮ್ಮನ ಮನೆಯಲ್ಲಿ. ಗಂಡ ಕಾಲುವೆ ಕೆಳಗಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಾನೆ. ತಿಪ್ಪಮ್ಮ ಮನೆಯಲ್ಲೇ ಕೂತು, ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಬರುವ ಪ್ಯಾಂಟುಗಳ ಕಟ್ಟು ಬಿಚ್ಚಿ, ಹೆಚ್ಚಿನ ದಾರ ಕತ್ತರಿಸುತ್ತಾಳೆ. ಜೊತೆಗೆ ಅತ್ತೆ. ಕಣ್ಣು ಮಂಜಾದರೂ ಬಾಯಿ ಚುರುಕಾಗಿದ್ದ ಮುದುಕಿ.

ಅವರದು ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಮಟ್ಟಸ ಚಾವಣಿಯ ಮನೆ. ದಪ್ಪ ತೊಲೆಗಳ ಮೇಲೆ ಜಂತೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಮೊಳದಷ್ಟು ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಆ ಬೂದು ಮಣ್ಣು ನೀರು ಇಳಿಯಗೊಡುವುದಿಲ್ಲ, ಆದರೆ ಪ್ರತಿ ವರ್ಷ ಮಳೆಗೆ ಮುಂಚೆ ಹೊಸದಾಗಿ ಹೊತ್ತು ಹಾಕಿ ಬಡಿಯಬೇಕು. ಬುಟ್ಟಿ ಹೊತ್ತು ಏಣಿ ಹತ್ತುವವಳು ತಿಪ್ಪಮ್ಮ. ಅವಳ ಮೊಣಕಾಲೂ ನನ್ನದರಂತೆಯೇ. ಹಾಗಾಗಿ ನಮ್ಮ ತಂಡದವರು ಹೊಸ ಮಾಳಿಗೆಯ ಮಾತು ತೆಗೆದಾಗ ಅವಳ ಮುಖ ಅರಳಿತು. ಸುಡದ ಮಣ್ಣಿಗೆ ಸುಣ್ಣ ಬೆರೆಸಿ ಅಚ್ಚೊತ್ತಿದ ಬಿಲ್ಲೆಗಳು, ದಪ್ಪ ನಾಲ್ಕೇ ಬೆರಳು. ಕಬ್ಬಿಣವಿಲ್ಲ, ತೆಳುವಾದ ತೊಲೆ ಸಾಕು, ವರ್ಷ ವರ್ಷ ಮಣ್ಣು ಹೊರಬೇಕಿಲ್ಲ. ಮೊದಲು ಹಿಂದಿನ ಕೋಣೆಗೆ ಮಾತ್ರ ಹಾಕಿ, ಒಂದು ಬೇಸಿಗೆ ಅಳೆದು ನೋಡುವುದು. ತಂಪಾಗಿದ್ದರೆ ಮುಂದಿನ ವರ್ಷ ನಡುಮನೆಗೂ ಹಾಕುವುದು ಎಂದಾಯಿತು.

ಅತ್ತೆ ಬಿಲ್ಲೆಯೊಂದನ್ನು ಕೈಯಲ್ಲಿ ಸವರಿ ನೋಡಿ, "ಇಷ್ಟ ತೆಳ್ಳಗನ? ಮಾಳಿಗಿ ಹಾಕ್ತೀರೋ, ರೊಟ್ಟಿ ಹಾಸ್ತೀರೋ?" ಎಂದಳು.

ಹಿಂದಿನ ಕೋಣೆ ಮುಗಿದ ಮೇಲೆ ಗೋಡೆಗೆ ಮೊಳೆ ಹೊಡೆದವಳು ನಾನೇ. ಬಿಸಿಲು ನೇರ ಬೀಳಬಾರದು, ಒಲೆಯ ಹತ್ತಿರ ಇರಬಾರದು ಎಂದು ನವ್ಯಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ತಿಪ್ಪಮ್ಮನಿಗೆ ನಮ್ಮ ಮಾತಿನಲ್ಲಿ ಹೇಳಿದೆ:

"ಬಾಳ ನಾಜೂಕಿನ ಸಾಮಾನ್ರಿ ಇದು. ಬಿಸಲು ತಾಗಬಾರ್ದು, ಒಲಿ ಝಳ ತಾಗಬಾರ್ದು. ತಣ್ಣಗಿರಬೇಕು. ಕೂಸಿನ್ನ ನೋಡ್ಕಂಡಂಗ ನೋಡ್ಕೋರಿ."

"ಹೌದ್ರಿ ಅಮ್ಮಾರ, ನೋಡ್ಕಂತೀನಿ," ಎಂದಳು. ಅವಳು ಮಾತು ಕೊಟ್ಟರೆ ಮುಗಿಯಿತು.

ಪ್ರತಿ ತಿಂಗಳ ಮೊದಲ ಬುಧವಾರ ಹೋಗುತ್ತಿದ್ದೆವು. ಪೆಟ್ಟಿಗೆ ಮೊಳೆಯಲ್ಲಿ, ಮಿರಮಿರ ಮಿಂಚುತ್ತಾ ನೇತಾಡುತ್ತಿತ್ತು. ಏಪ್ರಿಲ್ ತಿಂಗಳ ಅಂಕಿ ಇಳಿಸಿಕೊಂಡಾಗ ನವ್ಯಾ ಕುಣಿದಾಡಿದಳು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗಿನ ಗೆರೆ ಕೆರೆಯ ನೀರಿನಂತೆ ಮಟ್ಟವಾಗಿತ್ತು. ತೇವದ ಗೆರೆ ಮೇಲೆ, ಬಹಳ ಮೇಲೆ. ಕಂಪ್ಯೂಟರ್ ಪರದೆಯ ಮೀಟಿಂಗಿನಲ್ಲಿ ಹೊರದೇಶದವರು ಈ ತೇವ ಎಲ್ಲಿಂದ ಎಂದು ಕೇಳಿದರು. ದೊಡ್ಡ ಸಾರ್, ಮಣ್ಣು ತೇವವನ್ನು ಹೀರಿ ಬಿಡುತ್ತದೆ, ಗೋಡೆ ಮಾಳಿಗೆ ಎರಡೂ ಉಸಿರಾಡುತ್ತವೆ ಎಂದು ವಿವರಿಸಿದರು. ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ತೂಗಿದೆ.

ಆ ಏಪ್ರಿಲಿನ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: "ತಿಪ್ಪಮ್ಮನ ಮನೆ. ಅಂಬಲಿ ಕುಡಿದೆ. ಪೆಟ್ಟಿಗೆಯ ಅಂಚು ಸ್ವಲ್ಪ ನೀಲಿ. ನೇತುಹಾಕಿದ ದಾರ ಒದ್ದೆ." ಮೇ ತಿಂಗಳಲ್ಲಿ: "ನೀಲಿ ಹೆಚ್ಚಾಗಿದೆ. ಒರೆಸಿದರೆ ಹೋಗದು." ಕಂಡದ್ದು ಬರೆದಿದ್ದೇನೆ. ಫಾರಂನಲ್ಲಿ ನೀಲಿಗೆ ಕಾಲಂ ಇರಲಿಲ್ಲ.

"ಒಳಗೆ ಇರಲು ಹಿತವಾಗಿದೆಯೇ?" ಎಂಬ ಪ್ರಶ್ನೆಯೂ ಫಾರಂನಲ್ಲಿತ್ತು. ಮನೆಯ ಯಜಮಾನರನ್ನು ಕೇಳಬೇಕು ಎಂದಿತ್ತು. ತಿಪ್ಪಮ್ಮನ ಗಂಡನನ್ನು ಕೇಳಿದೆ. ಹಗಲೆಲ್ಲ ಗದ್ದೆಯಲ್ಲಿದ್ದು, ಬೇಸಿಗೆಯಲ್ಲಿ ಹೊರಗಿನ ಕಟ್ಟೆಯ ಮೇಲೆ ಮಲಗುವ ಆ ಮನುಷ್ಯ ಸಂಕೋಚದಿಂದ, "ಚಲೋ ಐತ್ರಿ" ಎಂದ. ಟಿಕ್ ಹಾಕಿದೆ.

ಮುಂದಿನ ವರ್ಷ ನಡುಮನೆಯ ಮಾಳಿಗೆ ತೆಗೆಯುವ ತೀರ್ಮಾನವಾಯಿತು. ಸಾರ್ ಬಂದು ಎಲ್ಲ ವಿವರಿಸಿ ಹೋದ ಮೇಲೆ ತಿಪ್ಪಮ್ಮ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದಳು.

"ಅಮ್ಮಾರ, ಸಾರ್ ಹೇಳಿದ್ದು ನನಗ ಅರ್ಧ ತಿಳೀಲಿಲ್ಲ. ನೀವೇನಂತೀರಿ? ನಮ್ಮತ್ತಿ ಬ್ಯಾಡ ಅಂತಾಳ. ಆಕಿ ಗಂಡ ಹೊತ್ತು ಹಾಕಿದ ಮಣ್ಣದು. ಇರಾದೊಂದ ಮನಿ ನಮಗ. ನೀವು ಹಾಕಸ್ರಿ ಅಂದ್ರ ಹಾಕಸ್ತೀನಿ."

"ಹಿಂದಿನ ಕೋಣಿ ನೋಡೀರಲ್ರಿ, ಮಷಿನ್ನ ಹೇಳ್ತೈತಿ ತಣ್ಣಗೈತಿ ಅಂತ. ಹಾಕಸ್ರಿ," ಎಂದೆ.

ಕೆಲಸ ಶುರುವಾಗುವ ಹಿಂದಿನ ದಿನ ನಾನೊಬ್ಬಳೇ ಹೋದೆ. ಪಾತ್ರೆ ಪಗಡೆ ಯಾವುದನ್ನು ಎಲ್ಲಿಗೆ ಸಾಗಿಸಬೇಕು ಎಂದು ಹೇಳುವುದಿತ್ತು. ಅದು ಬುಧವಾರವಲ್ಲ, ನಾನು ಬರುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ಕೋಣೆಗೆ ಹೋಗಿ ನೋಡಿದರೆ ಮೊಳೆ ಖಾಲಿ.

"ಪೆಟ್ಟಿಗಿ ಎಲ್ರಿ ತಿಪ್ಪಮ್ಮ?"

"ಅಯ್ಯ, ತಡ್ರಿ, ತರ್ತೀನಿ," ಎಂದು ಅವಳು ಅಡುಗೆಮನೆಗೆ ಹೋದಳು. ನೀರಿನ ಗಡಿಗೆಗಳ ಹಿಂದಿನಿಂದ ಒಂದು ಗಂಟು ತಂದಳು. ಹಳೆಯ ಜೀನ್ಸಿನ ತುಂಡು, ನೀರು ತೊಟ್ಟಿಕ್ಕುತ್ತಿದೆ. ಅದನ್ನು ಒಂದೊಂದೇ ಸುತ್ತು ಬಿಚ್ಚಿದಳು. ಒಳಗೆ ನಮ್ಮ ಪೆಟ್ಟಿಗೆ.

"ಸೀರಿ ಬಟ್ಟಿ ಲಗೂನ ಒಣಗ್ತೈತ್ರಿ. ಇದು ದಪ್ಪ, ಮಧ್ಯಾಹ್ನತನ ತಂಪು ಹಿಡೀತೈತಿ. ಬೇಸಿಗ್ಯಾಗ ಮೂರು ಸಲ ತೋಯಸ್ತೀನಿ. ನೀವು ಬರೋ ದಿನ ಒರಸಿ ಮೊಳಿಗಿ ಹಾಕ್ತೀನಿ." ಮುಖದಲ್ಲಿ ಕೂಸನ್ನು ಎತ್ತಿ ತೋರಿಸುವವಳ ಹಿಗ್ಗು. "ನೀವು ಹೇಳಿದ್ರಲ್ಲ, ಕೂಸಿನ್ನ ನೋಡ್ಕಂಡಂಗ ಅಂತ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನೀಲಿ ಅಂಚು, ಒದ್ದೆ ದಾರ, ಕೆರೆಯಂಥ ಗೆರೆ, ಉಸಿರಾಡುವ ಗೋಡೆ ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ನಾವು ಒಂದು ವರ್ಷ ಅಳೆದದ್ದು ನೀರಿನ ಗಡಿಗೆಯ ಮಗ್ಗುಲನ್ನು. ಹೊಸ ಮಾಳಿಗೆಯ ಕೆಳಗೆ ಏನಾಗುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈ ಕೆಲಸಕ್ಕೆ ಬರುವವರು ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. ನನಗೆ ಆ ಮಧ್ಯಾಹ್ನ ಪೂರ್ತಿ ಇತ್ತು. ಕೈಯಲ್ಲಿ ಫೋನ್ ಇತ್ತು. ದೊಡ್ಡ ಸಾರಿಗೆ ಒಂದು ಕರೆ ಮಾಡಿ, ನಾಳೆ ಮಾಳಿಗೆ ಮುಟ್ಟುವುದು ಬೇಡ ಎಂದಿದ್ದರೆ ಸಾಕಿತ್ತು. ಮಾಡಲಿಲ್ಲ. ಬಿಲ್ಲೆ ತುಂಬಿದ ಲಾರಿ ಆಗಲೇ ಊರ ಬಾಗಿಲಲ್ಲಿ ನಿಂತಿತ್ತು. ನವ್ಯಾಳ ಪಿಎಚ್‌ಡಿ ಆ ಗೆರೆಯ ಮೇಲೆ ನಿಂತಿತ್ತು. ಹೇಳಿದರೆ ಆ ಮೀಟಿಂಗಿನಲ್ಲಿ ತಿಪ್ಪಮ್ಮನನ್ನು ನೆನೆದು ನಗುತ್ತಾರೆ, ಆಮೇಲೆ ಅವಳಿಗೆ ಹಾಗೆ ಹೇಳಿಕೊಟ್ಟ ನನ್ನನ್ನು ನೋಡುತ್ತಾರೆ ಎಂಬ ಹೆದರಿಕೆಯೂ ಇತ್ತು. ಲೆಕ್ಕದ ಪ್ರಕಾರ ತಂಪಾಗಿಯೇ ಇರಬೇಕು, ಸಾರ್ ತಿಳಿದವರು ಎಂದು ನನಗೆ ನಾನೇ ಹೇಳಿಕೊಂಡೆ. ಕಂಡದ್ದನ್ನು ಬಿಟ್ಟು ಅಂದುಕೊಂಡದ್ದನ್ನು ಹಿಡಿದೆ. ಕ್ಯೂಬಿನ ದಿನಗಳಿಂದ ನಾನು ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ.

ತಿಪ್ಪಮ್ಮನಿಗೆ, "ಇನ್ನ ಮ್ಯಾಲ ಅದು ಮೊಳಿಗೇ ಇರ್ಲಿ ಬಿಡ್ರಿ," ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಬೆಳಿಗ್ಗೆ ಸಾರ್ ಜೀಪಿನಿಂದ ಇಳಿಯುತ್ತಲೇ, "ಏನ್ ಶಾರದಮ್ಮ, ಎಲ್ಲ ರೆಡಿನಾ?" ಎಂದರು.

"ರೆಡಿ ಸಾರ್."

ಮಧ್ಯಾಹ್ನದ ಹೊತ್ತಿಗೆ ನಡುಮನೆಯ ಮೇಲೆ ಆಕಾಶ ಕಾಣುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು, ಮಣ್ಣು ಬಿದ್ದ ಪ್ರತಿ ಸದ್ದಿಗೂ ಆ ಕಡೆ ಮುಖ ತಿರುಗಿಸುತ್ತಿದ್ದಳು. ಹಳೆಯ ದಪ್ಪ ತೊಲೆಗಳನ್ನು ಸೀಳಿ ತೆಳು ಮಾಡಿದರು. ವಾರದೊಳಗೆ ಹೊಸ ಮಾಳಿಗೆ ಮುಗಿಯಿತು. ನೋಡಲು ಬಲು ಚೆಂದ. ಆ ವರ್ಷದ ಮಳೆಗಾಲದಲ್ಲಿ ಒಂದು ಹನಿ ಸೋರಲಿಲ್ಲ. ತಿಪ್ಪಮ್ಮ ಮಣ್ಣು ಹೊರಲಿಲ್ಲ. ಎಲ್ಲ ಸರಿಹೋಯಿತು ಎಂದು ನಾನೂ ನಂಬತೊಡಗಿದ್ದೆ.

ದಸರಾ ಕಳೆದ ಮೇಲೆ ಧೈರ್ಯ ಮಾಡಿ ಸಾರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಟ್ಟವರಲ್ಲ. "ಮೊದಲೇ ಹೇಳೋದಲ್ವಾ ಶಾರದಮ್ಮ," ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು, "ಒಂದು ಸೆನ್ಸರ್ ತಾನೇ. ಒಂದು ಅಡಿಟಿಪ್ಪಣಿ ಹಾಕೋಣ," ಎಂದರು. ಹಾಕಿದರು. ಅಳತೆಯ ಸಾಧನದ ಸ್ಥಾನದಲ್ಲಿ ಕೆಲವೊಮ್ಮೆ ವ್ಯತ್ಯಾಸವಾಗಿರಬಹುದು ಎಂಬ ಒಂದು ಸಾಲು, ಇರುವೆ ಅಕ್ಷರದಲ್ಲಿ. ವರದಿಯ ಮುಖಪುಟಕ್ಕೆ ಮಾತ್ರ ತಿಪ್ಪಮ್ಮನ ಮನೆಯ ದೊಡ್ಡ ಫೋಟೋ. ಒಳಗೆ, ಅತ್ಯಂತ ಬಿಸಿಯ ಮನೆ ಎಂದು ಈರಪ್ಪನ ಮನೆಯ ಹೆಸರು. ನಮ್ಮ ಪೆಟ್ಟಿಗೆಯನ್ನು ಮುಟ್ಟದೆ ಬಿಟ್ಟ ಆ ಮನುಷ್ಯನ ಅಂಕಿ ನಿಜ ಹೇಳಿತ್ತು. ನಾನು ಅವರನ್ನೇ ಅಲಕ್ಷ್ಯದವರೆಂದು ಬರೆದಿದ್ದೆ.

ಪ್ರಾಜೆಕ್ಟ್ ಮುಗಿಯಿತು, ಪೆಟ್ಟಿಗೆಗಳು ಲ್ಯಾಬಿಗೆ ಬಂದವು. ನಾನು ನಿವೃತ್ತಿಯ ಅರ್ಜಿ ಬರೆದೆ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಯಾರಿಗೂ ಬೇಡವಾಗಿದ್ದ ಹಳೆಯ ಗಾಜಿನ ಥರ್ಮಾಮೀಟರ್ ಒಂದನ್ನು ಕೇಳಿ ತಗೊಂಡು ತಿಪ್ಪಮ್ಮನ ಮನೆಗೆ ಹೋದೆ. ಅತ್ತೆ ಸೊಸೆ ಇಬ್ಬರೂ ಹೊರಗೆ ಬೇವಿನ ಮರದ ಕೆಳಗೆ ಇದ್ದರು. ಜೀನ್ಸಿನ ಕಟ್ಟು, ನೀರಿನ ಗಡಿಗೆ, ಅತ್ತೆಯ ಮಂಚ ಎಲ್ಲ ಅಲ್ಲೇ.

"ಬರ್ರಿ ಅಮ್ಮಾರ, ಬರ್ರಿ," ಎಂದು ತಿಪ್ಪಮ್ಮ ಎದ್ದಳು. "ಪೆಟ್ಟಿಗಿ ಚಲೋ ಐತೇನ್ರಿ?"

ಪೆಟ್ಟಿಗೆಯ ಕ್ಷೇಮ ಕೇಳಿದಳು. ಚಲೋ ಐತ್ರಿ ಎಂದೆ. ಒಳಗೆ ಹೋಗಿ ನಡುಮನೆಯಲ್ಲಿ ಥರ್ಮಾಮೀಟರ್ ತೂಗುಹಾಕಿ ಅದರ ಕೆಳಗೆ ಕೂತೆ. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನಾನು ಅರ್ಧ ಗಂಟೆ ಸುಮ್ಮನೆ ಕೂತದ್ದು ಅದೇ ಮೊದಲು. ತಲೆಯ ಮೇಲೆ ಕಾದ ಹೆಂಚು ಹಿಡಿದಂತಿತ್ತು. ಬೆನ್ನಿನಿಂದ ಬೆವರು ಇಳಿದು ಸೀರೆ ಅಂಟಿಕೊಂಡಿತು. ಒಳಗೆ ಬರುವ ಮುಂಚೆ ಮರದ ನೆರಳಿನಲ್ಲಿ ಹಿಡಿದು ನೋಡಿದ್ದಕ್ಕಿಂತ ಪಾದರಸ ಎರಡು ಗೆರೆ ಮೇಲಿತ್ತು.

ಹೊರಗೆ ಅತ್ತೆಯ ದನಿ ಕೇಳಿತು: "ರೊಟ್ಟಿ ಹಾಸಿದ್ರಲ್ಲ. ಈಗ ಬೇಯಾಕತ್ತೈತಿ, ನೋಡ್ಕಂಬಾ ಅನ್ನು."

ಹೊರಗೆ ಬಂದು ತಿಪ್ಪಮ್ಮನ ಎದುರು ಕೂತು ಎಲ್ಲ ಹೇಳಿದೆ. ಒದ್ದೆ ಬಟ್ಟೆಯ ವಿಷಯ, ಗೆರೆಯ ವಿಷಯ, ಮಾಳಿಗೆ ತೆಗೆಯುವ ಹಿಂದಿನ ದಿನವೇ ನನಗೆ ಗೊತ್ತಾಗಿದ್ದ ವಿಷಯ. "ನಿಮ್ಮದೇನೂ ತಪ್ಪಿಲ್ರಿ. ಹಂಗ ಮಾಡ್ರಿ ಅಂದಾಕಿ ನಾನು. ಗೊತ್ತಾದ ಮ್ಯಾಲೂ ಬಾಯಿ ಬಿಡ್ಲಿಲ್ಲ," ಎಂದೆ.

ತಿಪ್ಪಮ್ಮ ಕತ್ತರಿ ನಿಲ್ಲಿಸಲಿಲ್ಲ. ಒಂದು ಪ್ಯಾಂಟಿನ ದಾರ ಪೂರ್ತಿ ಕತ್ತರಿಸಿ, ಮಡಿಸಿ, ಪಕ್ಕಕ್ಕಿಟ್ಟಳು.

"ಅಲ್ರಿ ಅಮ್ಮಾರ, ಹಿಂದಿನ ಕೋಣಿ ಬಿಸಿ ಅಂತ ನನಗ ಮೊದಲ್ನೇ ಬೇಸಿಗ್ಯಾಗನ ಗೊತ್ತಿತ್ತು. ಅಲ್ಲಿ ಬಿಸಿ ಆಗ್ತೈತಿ ಅಂತನ ಪೆಟ್ಟಿಗಿ ತೆಗದು ನೀರಿನತ್ರ ಇಟ್ಟಿದ್ದು."

"ಮತ್ಯಾಕ್ರಿ ನಮಗ ಹೇಳ್ಲಿಲ್ಲ?"

"ನೀವು ನನ್ನ ಕೇಳ್ಲಿಲ್ಲಲ್ರಿ. ಪೆಟ್ಟಿಗಿ ಕೇಳಿದ್ರಿ, ನಮ್ಮ ಮನಿಯವರನ್ನ ಕೇಳಿದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ಮಷಿನ್ ತಣ್ಣಗೈತಿ ಅಂತೈತಿ ಅಂದ್ರಿ. ಹಿಂದಿನ ಕೋಣಿಗೆ ಪಡುವಣ ಬಿಸಲು, ಅದಕ್ಕ ಬಿಸಿ. ನಡುಮನಿ ಹಂಗಾಗಂಗಿಲ್ಲ ಅನ್ಕಂಡೆ. ಓದಿದಾರಿಗಿಂತ ನನಗ ಹೆಚ್ಚು ತಿಳಿತೈತೇನ್ರಿ?"

"ಹಳೇ ಮಣ್ಣು?"

ಮಂಚದಲ್ಲಿ ಅತ್ತೆಗೆ ನಿದ್ದೆ ಹತ್ತಿದ್ದು ನೋಡಿ, ದನಿ ತಗ್ಗಿಸಿ ಮನೆಯ ಪಕ್ಕದ ದಿಬ್ಬ ತೋರಿಸಿದಳು. "ಅಲ್ಲೇ ಐತ್ರಿ. ತೊಲಿ ಸೀಳಿದ್ರಲ್ಲ, ಇನ್ನ ಅಷ್ಟು ಮಣ್ಣು ತಡಿಯಂಗಿಲ್ಲ. ನಮ್ಮ ಮನಿಯವರು ಮಳಿಗೆ ಮುಂಚೆ ಎಲ್ಲ ತೆಗಸಿ ಸಿಮೆಂಟ್ ಶೀಟ್ ಹಾಕಸ್ತಾರಂತ. ನಮ್ಮತ್ತಿಗೆ ಹೇಳಿಲ್ಲ."

ಸಿಮೆಂಟಿಲ್ಲದ ಮನೆ ಕಟ್ಟಲು ಹೊರಟ ಮೂರು ವಿಶ್ವವಿದ್ಯಾಲಯಗಳು ಮತ್ತು ನಾನು ಸೇರಿ, ಅಜ್ಜನ ಕಾಲದಿಂದ ಸಿಮೆಂಟು ಕೇಳದೆ ನಿಂತಿದ್ದ ಒಂದು ಮನೆಗೆ ಸಿಮೆಂಟು ತಂದಿದ್ದೆವು.

ಹೊಸಬರಿಗೆ ನಾನು ಹೇಳುವುದು ಇಷ್ಟು. ಮೊಳೆ ಹೊಡೆಯಿರಿ, ಪೆಟ್ಟಿಗೆ ಹಾಕಿ. ಆಮೇಲೆ ಅದರ ಕೆಳಗೆ ಒಂದು ಮಧ್ಯಾಹ್ನ ಕೂತುಕೊಳ್ಳಿ. ಮನೆಯಲ್ಲಿ ಹಗಲೆಲ್ಲ ಇರುವವರು ಯಾರೋ ಅವರನ್ನು ಕೇಳಿ. ಕೇಳಿದ್ದಕ್ಕೆ ಫಾರಂನಲ್ಲಿ ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ತಪ್ಪು ಗೊತ್ತಾದ ದಿನವೇ, ಲಾರಿ ನಿಂತಿದ್ದರೂ, ಹೇಳಿಬಿಡಿ.

ಆ ದಿನ ನಾನು ಏಳಲು ಹೋದಾಗ ತಲೆ ತಿರುಗಿದಂತಾಗಿ ಮಂಚದ ಕಾಲು ಹಿಡಿದುಕೊಂಡೆ. ತಿಪ್ಪಮ್ಮ ನೋಡಿದಳು.

"ಕುಂದ್ರಿ, ಕುಂದ್ರಿ. ಮುಖ ನೋಡ್ರಿ ಹೆಂಗಾಗೈತಿ. ಯಾಕ ಒಳಗ ಅಷ್ಟೊತ್ತು ಕುಂತ್ರಿ ನೀವು?"

ಕಟ್ಟಿನಿಂದ ಒಂದು ಜೀನ್ಸಿನ ತುಂಡು ಎಳೆದು, ಗಡಿಗೆಯಲ್ಲಿ ಅದ್ದಿ, ಅರ್ಧ ಹಿಂಡಿ ನನ್ನ ತಲೆ ಹೆಗಲು ಸುತ್ತಿ ಹೊದಿಸಿದಳು. ಅಂಚುಗಳನ್ನು ಕುತ್ತಿಗೆಯ ಹತ್ತಿರ ಒತ್ತಿ ಸರಿಮಾಡಿದಳು. ಬಸ್ಸಿನ ಹೊತ್ತಾಗುವವರೆಗೆ ಇನ್ನೆರಡು ಸಲ ತೋಯಿಸಿ ತಂದಳು. ನಾನು ಬೇಡ ಎನ್ನಲಿಲ್ಲ.

ಮನೆಗೆ ಬಂದು ನೋಡಿದರೆ ಬಿಳಿ ಸೀರೆಯ ಹೆಗಲಿಗೆ ನೀಲಿ ಹತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: "ಒರೆಸಿದರೆ ಹೋಗದು."